ಮೌನೇಶನ ಹಸೆಮಣೆ

ಇದ್ದಳಪ್ಪ ಮೈಸೂರಿನಲ್ಲಿ ಒಬ್ಬಳು ಕಾಳಮ್ಮ. ಬೀಟೆ ಮರದಲ್ಲಿ ಬಿಳಿ ಮರದ ಚೂರು ಕೂರಿಸಿ ಆನೆ, ನವಿಲು ಮಾಡುವ ಇನ್ಲೇ ಕೆಲಸದ ಮನೆತನ. ಅವಳಿಗೆ ಒಬ್ಬನೇ ಮಗ, ಮೌನೇಶ. ವಯಸ್ಸು ಇಪ್ಪತ್ತೆಂಟು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಕಾಳಮ್ಮನ ಗೋಳು!

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಕೊನೆಗೆ ನಂಜನಗೂಡಿನ ಬಸವಣ್ಣಾಚಾರ್ರು ಒಪ್ಪಿದರು, ಒಂದು ಮಾತಿನ ಮೇಲೆ.

"ತಾನು ಕೂರೋ ಹಸೆಮಣೆಯನ್ನ ಹುಡುಗ ತಾನೇ ಮಾಡ್ಲಿ. ಮಧ್ಯೆ ನವಿಲಿರಬೇಕು. ಕೆಲಸ ಚೆನ್ನಾಗಿದ್ರೆ ನನ್ನ ಮಗಳು ವಿಶಾಲುನ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ!"

ಮನೆಯಲ್ಲಿ ಮೆಷಿನ್ ಇತ್ತು. ಲ್ಯಾಪ್‌ಟಾಪಿನಲ್ಲಿ ಚಿತ್ರ, ಅಳತೆ ಕೊಟ್ಟರೆ ಸಾಕು, ಗರಗರ ತಿರುಗುತ್ತಾ ಹಲಗೆಯಲ್ಲಿ ಹಳ್ಳ ತೋಡುತ್ತಿತ್ತು. ಅದರೊಳಗೆ ಕೂರುವ ಚೂರನ್ನೂ ಕತ್ತರಿಸಿ ಕೊಡುತ್ತಿತ್ತು. ಮೌನೇಶ ಮೊದಲು ಹಳೇ ಹಲಗೆಯೊಂದರ ಮೇಲೆ ಎಲೆಯೊಂದನ್ನು ಮಾಡಿ ನೋಡಿದ. ಹಳ್ಳವೂ ಮೂರಿಂಚು, ಚೂರೂ ಮೂರಿಂಚು. ಕೂರಲಿಲ್ಲ. ಸುತ್ತಿಗೆ ತಗೊಂಡು ಬಡಿದ, ಬಡಿದ, ಬಡಿದ. ಚಟಾರ್! ಹಲಗೆ ಎರಡು ಹೋಳು.

"ಲೋ ಬೆಪ್ಪೇ! ಅಳತೆ ಸರಿಸಮ ಕೊಟ್ಟರೆ ಕೂರುತ್ತೇನೋ? ಜೋಡಿಸೋ ಚೂರು ಕೂದಲೆಳೆಯಷ್ಟು ಚಿಕ್ಕದಿರಬೇಕು!"

"ಹಾಗೇ ಆಗಲಮ್ಮ."

ಮಾರನೇ ದಿನ ಕುಂಕುಮದ ಡಬ್ಬಿಗೊಂದು ಮುಚ್ಚಳ ಮಾಡೋ ಅಂದಳು ಕಾಳಮ್ಮ. ಮಾಡಿದ. ಡಬ್ಬಿಯ ಬಾಯಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಮಾಡಿದ! ಅವಳು ಮುಚ್ಚಿದ್ದೇ ತಡ, ಮುಚ್ಚಳ ಒಳಗೆ ಬಿತ್ತು, ಕುಂಕುಮವೆಲ್ಲ ಮೂಗಿಗೆ ಹಾರಿತು.

"ಆಕ್ಷೀ! ಅಯ್ಯೋ ನನ್ನ ಕರ್ಮವೇ! ಮೆಷಿನ್ ಓಡಿಸೋ ಮೊದಲು ಹೇಗೆ ಬರುತ್ತೆ ಅಂತ ಲ್ಯಾಪ್‌ಟಾಪಲ್ಲೇ ಕೆತ್ತಿ ನೋಡಬಾರದೇನೋ? ಪರದೆ ಮೇಲೆ ಎಲ್ಲಾ ತೋರಿಸುತ್ತಲ್ಲ!"

"ನೋಡ್ತೀನಮ್ಮ."

ಬೀಟೆ ಹಲಗೆ ಬಂತು. ಮೌನೇಶ ಬೆಳಗಿನಿಂದ ಸಂಜೆಯವರೆಗೆ ಕದ ಹಾಕಿಕೊಂಡು ಕೂತ. ಆಮೇಲೆ ಓಡಿ ಬಂದ.

"ಮುಗೀತಮ್ಮ! ನವಿಲು ಆಯ್ತು!"

ಕಾಳಮ್ಮ ಹಿಗ್ಗಿ ಹೀರೇಕಾಯಿಯಾಗಿ ಹೋಗಿ ನೋಡಿದರೆ ಹಲಗೆ ತಂದಂತೆಯೇ ಇದೆ!

"ಎಲ್ಲೋ ನವಿಲು?"

"ಪರದೆ ಮೇಲೆ. ಎಷ್ಟು ಚೆನ್ನಾಗಿದೆ ನೋಡು!"

"ಪರದೆ ಮೇಲಿದ್ರೆ ಏನು ಬಂತೋ? ನವಿಲು ಹಲಗೆ ಮೇಲೆ ಬರಬೇಕು ಕಣೋ!"

"ಅಷ್ಟೇ ತಾನೇ?" ಅಂದವನೇ ಲ್ಯಾಪ್‌ಟಾಪ್ ಎತ್ತಿ ಹಲಗೆ ಮೇಲಿಟ್ಟ. "ಬಂತಮ್ಮ!"

ಕಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. ನಾಳೆ ಬೀಗರು ನೋಡಲು ಬರುತ್ತಾರೆ! ಬೆಳಗಾಗುತ್ತಲೇ ಸೆರಗು ಸಿಕ್ಕಿಸಿ ಮಗನ ಬೆನ್ನಿಗೆ ನಿಂತಳು. ಇದು ಒತ್ತೋ, ಅದು ಒತ್ತೋ, ಈಗ ಸುಮ್ಮನಿರೋ! ನವಿಲು ಬಂತು. ಒಂದೊಂದು ಗರಿಯೂ ತನ್ನ ಹಳ್ಳದಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಅಂಟು ಹಾಕಿದ್ದಾಯಿತು.

"ನೋಡು, ಒಣಗೋ ತನಕ ಒಂದು ಗರಿಯೂ ಏಳಬಾರದು. ಮೇಲೆ ಭಾರ ಇಡು. ಕೈ ಮಾತ್ರ ತಾಗಿಸೀಯ, ಜೋಕೆ!" ಅಂದು ಒಬ್ಬಟ್ಟು ತಟ್ಟಲು ಒಳಗೆ ಹೋದಳು.

ಭಾರ ಇಡಬೇಕು, ಕೈ ತಾಗಬಾರದು. ಮೌನೇಶ ಯೋಚಿಸಿದ. ತಾನೇ ಹೋಗಿ ನವಿಲಿನ ಮೇಲೆ ಕೂತ.

ಬಸವಣ್ಣಾಚಾರ್ರು ಬಂದರು. "ಎಲ್ಲಪ್ಪ ಹಸೆಮಣೆ?"

ದೊಡ್ಡವರು ಬಂದರೆ ಎದ್ದು ನಿಲ್ಲಬೇಡವೇ? ಮೌನೇಶ ಎದ್ದ. ಹಸೆಮಣೆಯೂ ಎದ್ದಿತು!

"ಹೋಯ್ತು! ನನ್ನ ಮಗನ ಮದುವೆ ಹೋಯ್ತು!" ಕಾಳಮ್ಮ ಗೊಳೋ ಎಂದಳು. ಕತ್ತರಿ ತಂದು, ಪಂಚೆ ಕತ್ತರಿಸಿ, ಮಣೆಯನ್ನು ಬಿಡಿಸಿದ್ದಾಯಿತು. ಆಚಾರ್ರು ಅಂಟಿದ್ದ ಬಟ್ಟೆಯನ್ನು ಕೆರೆದು ತೆಗೆದರು. ಗರಿಗಳ ಸಂದಿಗೆ ಉಗುರು ಹಾಕಿ ನೋಡಿದರು. ಉಗುರು ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಂದು ಗರಿಯೂ ಎದ್ದಿಲ್ಲವಲ್ರೀ! ಕೊಟ್ಟೆ ಹೆಣ್ಣು! ಅಳಿಯಂದ್ರೇ, ಮುಹೂರ್ತದ ದಿನವೂ ಹೀಗೇ ಕೂರಬೇಕು, ಗೊತ್ತಾಯ್ತಾ?"

"ಹಾಗೇ ಆಗಲಿ ಮಾವ."

ಆ ಮಾತು ಕಾಳಮ್ಮನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸಂತೋಷದಲ್ಲಿ ಮೈಮರೆತಿದ್ದಳು ಪಾಪ.

ಮದುವೆಯ ದಿನ ಎಲ್ಲರಿಗಿಂತ ಮೊದಲು ಮಂಟಪಕ್ಕೆ ಹೋದವನು ಮೌನೇಶ. ವಿಶಾಲು ಬಂದು ಅದೇ ಮಣೆಯ ಮೇಲೆ ಪಕ್ಕದಲ್ಲಿ ಕೂತಳು. ಗಟ್ಟಿಮೇಳ ಆಯಿತು, ತಾಳಿ ಕಟ್ಟಿದ್ದಾಯಿತು, ಕಾಳಮ್ಮ ಕಣ್ಣೊರೆಸಿಕೊಂಡಳು.

"ಏಳ್ರಪ್ಪ, ಸಪ್ತಪದಿ," ಅಂದರು ಪುರೋಹಿತರು.

ಗಂಡು ಎದ್ದ. ಹೆಣ್ಣು ಎದ್ದಳು. ಇಬ್ಬರ ನಡುವೆ ಹಸೆಮಣೆಯೂ ಎದ್ದಿತು!

"ಲೋ ಮೌನೇಶ! ಏನು ಮಾಡಿದ್ಯೋ?"

"ಆವತ್ತಿನ ಹಾಗೇ ಕೂರಬೇಕು ಅಂದ್ರಲ್ಲಮ್ಮ ಮಾವ! ನಿನ್ನ ಮಾತೂ ಮೀರಿಲ್ಲ, ಅಂಟಿಗೆ ಕೈ ತಾಗಿಸಿಲ್ಲ. ಬ್ರಷ್‌ನಲ್ಲಿ ಹಚ್ಚಿದೆ!"

ವಿಶಾಲು ಹಿಂದಕ್ಕೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ನಗು ತಡೆಯಲಾರದೆ ಅಂದಳು: "ಕತ್ತರಿ ಆಮೇಲೆ ತನ್ನಿ ಅತ್ತೆ, ಮುಹೂರ್ತ ಮೀರುತ್ತೆ. ನಡೀರಿ!"

ನಡೆದರು, ಏಡಿಯ ಹಾಗೆ ಅಡ್ಡಡ್ಡ. ಏಳು ಹೆಜ್ಜೆಯನ್ನೂ ಮೂವರೂ ಕೂಡಿಯೇ ಇಟ್ಟರು: ಗಂಡು, ಹೆಣ್ಣು, ಹಸೆಮಣೆ.