ರಾಚ ತೊಟ್ಟಿಗೆ ಹಾಕಿದ್ದು

ಪುಟ್ಟಮಾದಮ್ಮನಿಗೆ ಒಬ್ಬನೇ ಮಗ, ರಾಚ. ಆಳು ಎತ್ತಿನ ಹಾಗಿದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು. ಮಗನಿಗೆ ಎಲ್ಲರ ಮಾತೂ ನಿಜ, ತಾಯಿಗೆ ಎಲ್ಲರ ಮೇಲೂ ಗುಮಾನಿ.

ಆ ವರ್ಷ ಮೇಸ್ತ್ರಿ ನಾಗಾಚಾರಿ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಕೊಟ್ಟ. ಪಕ್ಕದ ತೊಟ್ಟಿಯಲ್ಲಿ ಸಗಣಿ, ಕಸ ಕಲಸಿ ಬಿಟ್ಟರೆ ಅದು ಕೊಳೆತು ಗ್ಯಾಸಾಗಿ ಪೈಪಿನಲ್ಲಿ ಬಂದು ಸೌದೆಯಿಲ್ಲದೆ ಒಲೆ ಉರಿಯುತ್ತದೆ ಅಂದ. ಪುಟ್ಟಮಾದಮ್ಮ ನಂಬಲಿಲ್ಲ. ತನ್ನ ಸಗಣಿಯನ್ನು ಪೈಪಿನಲ್ಲಿ ಇವನು ಎಲ್ಲಿಗೆ ಸಾಗಿಸುತ್ತಾನೋ ಎಂದು ದಿನಾ ಪೈಪು ತಟ್ಟಿ ನೋಡುತ್ತಿದ್ದಳು.

ಒಂದು ದಿನ ಹೊಲಕ್ಕೆ ಹೊರಡುವಾಗ, ಮನೆಯಲ್ಲಿ ವಾಸನೆ ಬಂದದ್ದನ್ನೆಲ್ಲ ತೊಟ್ಟಿಗೆ ಹಾಕು ಅಂತ ಮಗನಿಗೆ ಹೇಳಿದಳು. ರಾಚ ಮೂಲೆಮೂಲೆ ಮೂಸಿದ. ಇಂಗಿನ ಡಬ್ಬಿ ವಾಸನೆ ಬಂತು, ಹಾಕಿದ. ಒಣಮೀನು ವಾಸನೆ ಬಂತು, ಹಾಕಿದ. ನಿಂಬೆ ಉಪ್ಪಿನಕಾಯಿ, ಊದುಬತ್ತಿ ಎಲ್ಲ ಹಾಕಿದ. ಸಂಜೆ ತಾಯಿ ತಲೆ ಚಚ್ಚಿಕೊಂಡಳು. ಮೇಸ್ತ್ರಿಯೇ ಇವನ ಕಿವಿ ಊದಿದ್ದಾನೆ ಅಂದುಕೊಂಡಳು. ಇನ್ನುಮುಂದೆ ಮೂಸಬೇಡ, ಮುಟ್ಟಿ ನೋಡು, ಕೊಳೆತದ್ದು ಮೆತ್ತಗಿರುತ್ತೆ, ಅಂಥದ್ದನ್ನು ಹಾಕು ಅಂತ ಬೈದಳು.

ಮಾರನೆಯ ದಿನ ರಾಚ ಮುಟ್ಟಿ ನೋಡಿದ. ಆಗ ತಾನೇ ಕಟ್ಟಿಟ್ಟ ರಾಗಿಮುದ್ದೆ ಮೆತ್ತಗಿತ್ತು, ಹಾಕಿದ. ಬೆಣ್ಣೆ ಮೆತ್ತಗಿತ್ತು, ಹಾಕಿದ. ಅವ್ವನ ತಲೆದಿಂಬು ಎಲ್ಲಕ್ಕಿಂತ ಮೆತ್ತಗಿತ್ತು.

ಹಸಿದು ಬಂದ ಪುಟ್ಟಮಾದಮ್ಮ ಮೇಸ್ತ್ರಿಯನ್ನು ಮನೆಗೆ ಎಳೆದು ತಂದು ಜಗಳಕ್ಕೆ ನಿಂತಳು. ಅವನು ಪೈಪಿನ ತಿರುಪು ತಿರುಗಿಸಿ ಕಡ್ಡಿ ಗೀರಿದ. ಒಲೆಯಲ್ಲಿ ನೀಲಿ ಉರಿ ಎದ್ದಿತು. ಸೀಮೆಎಣ್ಣೆ ಬಚ್ಚಿಟ್ಟಿದ್ದಾನೋ ಎಂದು ಅವಳು ಬಗ್ಗಿ ಒಲೆಯಡಿ ನೋಡಿದಳು. ಏನೂ ಇರಲಿಲ್ಲ. ಅವನು ಹೋದ ಮೇಲೆ ಆ ಉರಿಯಲ್ಲಿ ಮತ್ತೆ ಮುದ್ದೆ ತಿರುವಿ, ಮಗನಿಗೆ ಬಡಿಸುತ್ತಾ ಹೇಳಿದಳು: "ನಿನ್ನ ಬುದ್ಧಿ ಓಡಿಸಬೇಡ ಕಣಪ್ಪ. ನಮ್ಮನೇಲಿ ಯಾವುದು ಕೆಲಸಕ್ಕೆ ಬಾರದ್ದು ಅಂತ ನಾಕು ಜನರನ್ನ ಕೇಳು. ಅವರು ಹೇಳಿದ್ದನ್ನ ಹಾಕು."

ಬೆಳಿಗ್ಗೆ ರಾಚ ಬೀದಿಗೆ ಹೋಗಿ ಸರಿಯಾಗಿ ನಾಕು ಜನರನ್ನು ಕೇಳಿದ. ನಾಲ್ವರೂ ನಕ್ಕು ಒಂದೇ ಉತ್ತರ ಕೊಟ್ಟರು.

ಮಧ್ಯಾಹ್ನ ಪುಟ್ಟಮಾದಮ್ಮ ಬಂದಾಗ ಮನೆಯಲ್ಲಿ ಒಂದು ಸಾಮಾನೂ ಕದಲಿರಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತು. ಹಿತ್ತಲಿಗೆ ಓಡಿದಳು. ತೊಟ್ಟಿಯ ಸಗಣಿನೀರಿನಲ್ಲಿ ರಾಚ ಕತ್ತಿನವರೆಗೆ ಮುಳುಗಿ ಕೂತಿದ್ದ.

ಯಾರು ಹಾಕಿದರೋ ನಿನ್ನ ಅಂತ ಕೇಳಿದಳು. ನಾನೇ, ನಾಕು ಜನ ಹೇಳಿದರು ಅಂದ. ಆ ನಾಲ್ವರನ್ನು ಕೇಳಲು ಕಳಿಸಿದವಳು ತಾನೇ ಎಂದು ನೆನಪಾಗಿ ಅವಳ ಕಣ್ಣು ತುಂಬಿ ಬಂತು. ಸೀರೆ ಎತ್ತಿಕಟ್ಟಿ, ಎರಡೂ ರಟ್ಟೆ ಹಿಡಿದು ಮಗನನ್ನು ಎಳೆದಳು.

ರಾಚ ಅಂಚು ಹಿಡಿದು ಬಿಗಿಯಾಗಿ ಕೂತ.

"ಎಳೀಬೇಡ ಕಣವ್ವ," ಅಂದ. "ನಾನಿನ್ನೂ ಕೊಳೆತಿಲ್ಲ."