ಸಿಪೋರಾಳ ಹಿಟ್ಟಿನ ಉಂಡೆ

ಕೂತಿರಾ? ಕಾಲು ಮಡಚಿ ಕೂತುಕೊಳ್ಳಿ. ನಾನು ಹೇಳುವಾಗ ನೀವು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ.

ಒಂದು ಊರು. ಊರಿನ ಮುಂದೆ ಸಮುದ್ರ. ಊರಿನ ಒಳಗೆ ಯಹೂದಿಗಳ ಓಣಿ. ಓಣಿಯ ಕೊನೆಯಲ್ಲಿ ಪುಟ್ಟ ಮಕ್ಕಳ ಬೇಸಿಗೆ ಶಾಲೆ. ಆ ಶಾಲೆಯಲ್ಲಿ ಪುಸ್ತಕ ಇಲ್ಲ. ಪಾಟಿ ಇಲ್ಲ. ಎಲ್ಲ ಪಾಠವೂ ಕೈಯಲ್ಲೇ. ಮಣ್ಣು ಕಲಸುವುದು. ಬತ್ತಿ ಹೊಸೆಯುವುದು. ನೀರು ಸುರಿಯುವುದು. ಬೀಜ ಊರುವುದು. ಹಿಟ್ಟು ನಾದುವುದು.

ಆ ಶಾಲೆಯಲ್ಲಿ ಸಿಪೋರಾ ಅಂತ ಒಬ್ಬಳು ಹುಡುಗಿ. ಐದು ವರ್ಷ. ಕೂರು ಅಂದರೆ ನಿಲ್ಲುತ್ತಿದ್ದಳು. ನಿಲ್ಲು ಅಂದರೆ ಓಡುತ್ತಿದ್ದಳು. ಊಟದ ತಟ್ಟೆಗೆ ಮೂರು ಸುತ್ತು ಹಾಕಿ ಒಂದು ತುತ್ತು ತಿನ್ನುತ್ತಿದ್ದಳು. ಇಲ್ಲಿಯೂ ಒಬ್ಬರು ಹಾಗೆ ಇದ್ದಾರೆ. ಹೆಸರು ಹೇಳುವುದಿಲ್ಲ.

ಅವತ್ತು ಶುಕ್ರವಾರ. ಬೇಸಿಗೆ ಶಾಲೆಯ ಕೊನೆಯ ಶುಕ್ರವಾರ. ಶುಕ್ರವಾರ ಸಂಜೆ ಶಬ್ಬಾತ್ ಬರುತ್ತದೆ. ಶಬ್ಬಾತ್ ಅಂದರೆ ಕೆಲಸ ಬಿಟ್ಟು ಕೂರುವ ಹಬ್ಬ. ಅದು ವಾರವಾರವೂ ಬರುತ್ತದೆ. ದೀಪ ಹಚ್ಚಿದರೆ ಮುಗಿಯಿತು. ಆಮೇಲೆ ಬೆಂಕಿ ಮುಟ್ಟುವ ಹಾಗಿಲ್ಲ. ಏನೂ ಬೇಯಿಸುವ ಹಾಗಿಲ್ಲ.

ಶಬ್ಬಾತಿನ ಮೇಜಿಗೆ ಎರಡು ಬ್ರೆಡ್ ಬೇಕು. ಜಡೆ ಹೆಣೆದ ಬ್ರೆಡ್. ಅದಕ್ಕೆ ಹಲ್ಲಾ ಅನ್ನುತ್ತಾರೆ. ಒಂದು ಸಾಲದು, ಎರಡು ಬೇಕು. ಈ ಶಾಲೆಯಲ್ಲಿ ಪ್ರತಿ ವಾರ ಒಬ್ಬ ಹುಡುಗ ಶಬ್ಬಾತ್ ಅಪ್ಪ ಆಗುತ್ತಾನೆ. ಒಬ್ಬಳು ಹುಡುಗಿ ಶಬ್ಬಾತ್ ಅಮ್ಮ ಆಗಿ ದೀಪ ಹಚ್ಚುತ್ತಾಳೆ. ಅವನದೊಂದು ಬ್ರೆಡ್, ಅವಳದೊಂದು ಬ್ರೆಡ್. ಇವತ್ತು ಅಪ್ಪ ಅಬ್ನೇರ್. ಅಮ್ಮ ಸಿಪೋರಾ. ಬೇಸಿಗೆಯೆಲ್ಲ ಕಾದು ಕಾದು ಅವಳ ಸರದಿ ಬಂದಿತ್ತು. ಅವಳ ಮನೆಯ ಅಮ್ಮ ನೋಡಲು ಬರುವವಳಿದ್ದಳು.

ರಾಹೇಲ್ ಟೀಚರ್ ಹಿಟ್ಟು ನಾದಿದ್ದರು. ಮಕ್ಕಳು ಮನೆಗೆ ಒಯ್ಯುವ ಬ್ರೆಡ್ಡಿಗೆಲ್ಲ ಜಡೆ ಹಾಕಿ ಆಗಿತ್ತು. ಉಳಿದದ್ದು ಎರಡೇ ಉಂಡೆ. ಒಂದು ಅಬ್ನೇರನಿಗೆ ಕೊಟ್ಟರು. ಒಂದು ಸಿಪೋರಾಳಿಗೆ ಕೊಟ್ಟರು. ಸೂರ್ಯ ಅಂಗಳದ ತೆಂಗಿನ ಸೊಂಟಕ್ಕೆ ಇಳಿದಾಗ ಭಟ್ಟಿಯ ಬಾಗಿಲು ಮುಚ್ಚುತ್ತೇನೆ, ಅಷ್ಟರೊಳಗೆ ಜಡೆ ಹಾಕಿ ಅಂದರು.

ಭಟ್ಟಿಯ ಪಕ್ಕದಲ್ಲಿ ಒಂದು ಹಿತ್ತಾಳೆ ತಟ್ಟೆ ಇತ್ತು. ಅದು ದೇವರ ಪಾಲಿನ ತಟ್ಟೆ. ನಾದಿದ ಹಿಟ್ಟಿನಿಂದ ಒಂದು ತುಣುಕು ತೆಗೆದು ಅದರಲ್ಲಿ ಇಡುತ್ತಾರೆ. ಅದನ್ನು ಯಾರೂ ತಿನ್ನುವುದಿಲ್ಲ. ಬೆಂಕಿಗೆ ಹಾಕುತ್ತಾರೆ.

ಆಗ ಅಂಗಳದಲ್ಲಿ ಒಂದು ಏಡಿ ಅಡ್ಡಡ್ಡ ಓಡಿತು. ಸಿಪೋರಾ ನೋಡಿದಳು. ಸುಮ್ಮನಿರುತ್ತಾಳೆಯೇ? ಕೈಯಲ್ಲಿದ್ದ ಉಂಡೆಯನ್ನು ಹತ್ತಿರದ ತಟ್ಟೆಯಲ್ಲಿಟ್ಟಳು. ಏಡಿಯ ಹಿಂದೆ ಓಡಿದಳು. ಟಪ ಟಪ ಟಪ.

ಯಾವ ತಟ್ಟೆ? ಹೂಂ. ಅದೇ ತಟ್ಟೆ.

ಟೀಚರ್ ತಿರುಗಿ ನೋಡಿದರು. ತಟ್ಟೆಯಲ್ಲಿ ಹಿಟ್ಟಿತ್ತು. ಶಾಲೆಯಲ್ಲಿ ನೆರವಿಗಿದ್ದ ಹನ್ನಾ ಅಜ್ಜಿ ದೇವರ ಪಾಲನ್ನು ತೆಗೆದಿಟ್ಟಿದ್ದಾರೆ ಅಂದುಕೊಂಡರು. ಬೆಂಕಿಗೆ ಹಾಕಿದರು. ಸಿಪೋರಾ ಬರುವಷ್ಟರಲ್ಲಿ ಉಂಡೆ ಕಪ್ಪಗೆ ಇದ್ದಿಲಾಗಿತ್ತು.

ಸಿಪೋರಾ ಜೋರಾಗಿ ಅತ್ತಳು. ಟೀಚರಿಗೂ ಬೇಸರವಾಯಿತು. ತಪ್ಪು ನನ್ನದೂ ಹೌದು, ನಿನ್ನದೂ ಹೌದು ಅಂದರು. ಹೊಸ ಹಿಟ್ಟು ನಾದಿದರೆ ಉಬ್ಬಲು ಹೊತ್ತು ಬೇಕು. ಅಷ್ಟು ಹೊತ್ತಿಲ್ಲ.

"ಬ್ರೆಡ್ ಇಲ್ದೆ ನಾನು ಅಮ್ಮ ಆಗೋದು ಹೇಗೆ?" ಅಂದಳು ಸಿಪೋರಾ.

ಅಬ್ನೇರ್ ಇನ್ನೂ ಜಡೆ ಹಾಕಿಲ್ಲ, ಅವನನ್ನು ಕೇಳು ಅಂದರು ಟೀಚರ್. ಸೂರ್ಯ ಆಗ ತೆಂಗಿನ ನೆತ್ತಿಯ ಮೇಲಿದ್ದ.

ಓಡಿದಳು. ಟಪ ಟಪ ಟಪ.

ಅಬ್ನೇರ್ ಮಣ್ಣಿನ ದೀಪ ಮಾಡಿ ಮುಂದಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಹಿಟ್ಟಿನ ಉಂಡೆ. ಸಿಪೋರಾ ಹೇಳಿದಳು:

"ಶಬ್ಬಾತಿಗೆ ಬ್ರೆಡ್ ಬೇಕು. ಬ್ರೆಡ್ಡಿಗೆ ಹಿಟ್ಟು ಬೇಕು. ಅರ್ಧ ಕೊಡ್ತೀಯಾ?"

ಅರ್ಧ ಕೊಟ್ಟರೆ ಅವನ ಬ್ರೆಡ್ ಚಿಕ್ಕದಾಗುತ್ತದೆ. ಅಬ್ನೇರ್ ಯೋಚಿಸಿದ. ನನ್ನ ದೀಪಕ್ಕೆ ಬತ್ತಿ ಇಲ್ಲ, ಬತ್ತಿ ತಂದರೆ ಹಿಟ್ಟು ಕೊಡುತ್ತೇನೆ ಅಂದ.

ಓಡಿದಳು. ಟಪ ಟಪ ಟಪ. ಸೂರ್ಯ ತೆಂಗಿನ ಕೊರಳಿಗೆ ಬಂದ.

ಮಲ್ಕಾ ಹತ್ತಿ ಮುಂದಿಟ್ಟುಕೊಂಡು ಕೂತಿದ್ದಳು. ಸಿಪೋರಾ ಹೇಳಿದಳು:

"ಶಬ್ಬಾತಿಗೆ ಬ್ರೆಡ್ ಬೇಕು. ಬ್ರೆಡ್ಡಿಗೆ ಹಿಟ್ಟು ಬೇಕು. ಹಿಟ್ಟು ಅಬ್ನೇರನ ಹತ್ರ. ಅಬ್ನೇರನಿಗೆ ಬತ್ತಿ ಬೇಕು. ಬತ್ತಿ ಕೊಡ್ತೀಯಾ?"

ಮಲ್ಕಾ ಕೈ ತೋರಿಸಿದಳು. ಶಬ್ಬಾತಿನ ಶರಬತ್ತಿಗೆ ನೆನೆಸಿದ ಒಣದ್ರಾಕ್ಷಿ ಹಿಂಡಿದ ಕೈ. ಅಂಟು ಅಂಟು. ಹತ್ತಿಯೆಲ್ಲ ಬೆರಳಿಗೇ ಮೆತ್ತಿತ್ತು. ಹೊಸೆದರೆ ಬತ್ತಿ ಆಗುತ್ತಿರಲಿಲ್ಲ, ಬೆರಳಿಗೆ ಗಡ್ಡ ಬರುತ್ತಿತ್ತು. ಕೈ ತೊಳೆಯಲು ನೀರು ತಂದರೆ ಬತ್ತಿ ಕೊಡುತ್ತೇನೆ ಅಂದಳು.

ನಲ್ಲಿಯಲ್ಲಿ ನೀರು ನಿಂತು ಬಹಳ ಹೊತ್ತಾಗಿತ್ತು. ಇದ್ದದ್ದೆಲ್ಲ ಬೆನಾಯನ ಟಬ್ಬಿನಲ್ಲಿ.

ಓಡಿದಳು. ಟಪ ಟಪ ಟಪ. ಸೂರ್ಯ ತೆಂಗಿನ ಭುಜಕ್ಕೆ ಬಂದ.

ಬೆನಾಯ ಟಬ್ಬನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ. ಸಿಪೋರಾ ಹೇಳಿದಳು:

"ಶಬ್ಬಾತಿಗೆ ಬ್ರೆಡ್ ಬೇಕು. ಬ್ರೆಡ್ಡಿಗೆ ಹಿಟ್ಟು ಬೇಕು. ಹಿಟ್ಟು ಅಬ್ನೇರನ ಹತ್ರ. ಅಬ್ನೇರನಿಗೆ ಬತ್ತಿ ಬೇಕು. ಬತ್ತಿ ಮಲ್ಕಾಳ ಹತ್ರ. ಮಲ್ಕಾಳಿಗೆ ನೀರು ಬೇಕು. ನೀರು ಕೊಡ್ತೀಯಾ?"

ಬೆನಾಯನಿಗೆ ಸಿಟ್ಟು ಬಂದಿತ್ತು. ಅವನ ಕಾಗದದ ದೋಣಿ ನೆನೆದು ಮುದ್ದೆಯಾಗಿತ್ತು. ಇನ್ನೊಂದು ಮಾಡಿದ, ಅದೂ ಮುದ್ದೆ. ಮುಳುಗದ ದೋಣಿ ಬೇಕು, ತೆಂಗಿನ ಚಿಪ್ಪು ತಾ, ಆಮೇಲೆ ನೀರಿನ ಮಾತು ಅಂದ.

ಸಿಪೋರಾ ಅವನ ಜೊತೆ ಜಗಳವಾಡಬಹುದಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಸೂರ್ಯ ಕಂಡ.

ಓಡಿದಳು. ಟಪ ಟಪ ಟಪ. ಸೂರ್ಯ ತೆಂಗಿನ ಎದೆಗೆ ಬಂದ.

ಹಿತ್ತಲಲ್ಲಿ ಸಾಲೋಮನ್ ಕಾಕಾ. ಶಾಲೆಯ ಗಿಡಗಳೆಲ್ಲ ಅವರದೇ ಉಸ್ತುವಾರಿ. ಮಕ್ಕಳು ಬೀಜ ಊರಿ ಬೆಳೆಸಿದ ಹೀರೆಬಳ್ಳಿ ಜೋತುಬಿದ್ದಿತ್ತು. ಕಾಕಾ ಎರಡು ಕೈಯಲ್ಲೂ ಅದನ್ನು ಎತ್ತಿ ಹಿಡಿದು ನಿಂತಿದ್ದರು. ಸಿಪೋರಾ ಹೇಳಿದಳು:

"ಶಬ್ಬಾತಿಗೆ ಬ್ರೆಡ್ ಬೇಕು. ಬ್ರೆಡ್ಡಿಗೆ ಹಿಟ್ಟು ಬೇಕು. ಹಿಟ್ಟು ಅಬ್ನೇರನ ಹತ್ರ. ಅಬ್ನೇರನಿಗೆ ಬತ್ತಿ ಬೇಕು. ಬತ್ತಿ ಮಲ್ಕಾಳ ಹತ್ರ. ಮಲ್ಕಾಳಿಗೆ ನೀರು ಬೇಕು. ನೀರು ಬೆನಾಯನ ಹತ್ರ. ಬೆನಾಯನಿಗೆ ಚಿಪ್ಪು ಬೇಕು. ಚಿಪ್ಪು ಕೊಡ್ತೀರಾ ಕಾಕಾ?"

ಚಿಪ್ಪಿಗೇನು ಬರ, ಅಟ್ಟದ ಮೇಲೆ ಒಂದು ಬುಟ್ಟಿ ಇದೆ ಅಂದರು ಕಾಕಾ. ಆದರೆ ಕೈ ಬಿಟ್ಟರೆ ಬಳ್ಳಿ ಮುರಿಯುತ್ತದೆ. ಬಳ್ಳಿ ಕಟ್ಟಲು ದಾರ ತಂದರೆ ಚಿಪ್ಪು ಕೊಡುತ್ತೇನೆ ಅಂದರು.

ಓಡಿದಳು. ಟಪ ಟಪ ಟಪ. ಈಗ ಉಸಿರು ಮೇಲೆ ಕೆಳಗೆ. ಸೂರ್ಯ ತೆಂಗಿನ ಹೊಟ್ಟೆಗೆ ಬಂದ.

ಜಗಲಿಯಲ್ಲಿ ಹನ್ನಾ ಅಜ್ಜಿ. ತೊಡೆಯ ಮೇಲೆ ಟೀಚರ ಮಗು, ಪುಟ್ಟ ಎಫ್ರೈಮ್. ಎಫ್ರೈಮನ ಮುಷ್ಟಿಯಲ್ಲಿ ದಾರದ ಉಂಡೆ. ಸಿಪೋರಾ ಹೇಳಿದಳು. ನೀವೂ ಹೇಳಿ ನೋಡೋಣ:

"ಶಬ್ಬಾತಿಗೆ ಬ್ರೆಡ್ ಬೇಕು. ಬ್ರೆಡ್ಡಿಗೆ ಹಿಟ್ಟು ಬೇಕು. ಹಿಟ್ಟು ಅಬ್ನೇರನ ಹತ್ರ. ಅಬ್ನೇರನಿಗೆ ಬತ್ತಿ ಬೇಕು. ಬತ್ತಿ ಮಲ್ಕಾಳ ಹತ್ರ. ಮಲ್ಕಾಳಿಗೆ ನೀರು ಬೇಕು. ನೀರು ಬೆನಾಯನ ಹತ್ರ. ಬೆನಾಯನಿಗೆ ಚಿಪ್ಪು ಬೇಕು. ಚಿಪ್ಪು ಕಾಕಾನ ಹತ್ರ. ಕಾಕಾನಿಗೆ ದಾರ ಬೇಕು. ದಾರ ಕೊಡ್ತೀರಾ ಅಜ್ಜಿ?"

ದಾರ ಇವನ ಕೈಯಲ್ಲಿದೆ, ಎಳೆದರೆ ಊರಿಗೆಲ್ಲ ಕೇಳುವ ಹಾಗೆ ಅಳುತ್ತಾನೆ ಅಂದರು ಅಜ್ಜಿ. ನಿದ್ದೆ ಬಂದರೆ ತಾನೇ ಬಿಡುತ್ತಾನೆ. ಆದರೆ ತೊಡೆ ಅಲ್ಲಾಡಿದರೆ ಅವನಿಗೆ ನಿದ್ದೆ ಬರುವುದಿಲ್ಲ. ಅಜ್ಜಿಯ ಮೊಣಕಾಲು ನೋವಿನಿಂದ ನಡುಗುತ್ತಿತ್ತು.

"ನೀನು ಕೂತ್ಕೋ. ಅಲ್ಲಾಡ್ಬೇಡ," ಅಂದರು ಅಜ್ಜಿ.

ಯಾರಿಗೆ ಹೇಳಿದರು? ಸಿಪೋರಾಳಿಗೆ.

ನನಗೆ ಕೂರಲು ಹೊತ್ತಿಲ್ಲ ಅಂದಳು ಸಿಪೋರಾ. ನನಗೆ ಬೇರೆ ದಾರಿ ಗೊತ್ತಿಲ್ಲ ಅಂದರು ಅಜ್ಜಿ.

ಸಿಪೋರಾ ಕೂತಳು. ಎಫ್ರೈಮ್ ತೊಡೆಯ ಮೇಲೆ ಬಂದ. ಕಣ್ಣು ಮುಚ್ಚಿದ. ಸಿಪೋರಾಳ ಕಾಲಿನ ಹೆಬ್ಬೆರಳು ಕುಣಿಯಿತು. ಎಫ್ರೈಮ್ ಕಣ್ಣು ಬಿಟ್ಟ.

ಹೆಬ್ಬೆರಳನ್ನು ಮಡಚಿದಳು. ಎಫ್ರೈಮ್ ಕಣ್ಣು ಮುಚ್ಚಿದ. ಸೂರ್ಯ ಎಲ್ಲಿದ್ದಾನೆ ಎಂದು ನೋಡಲು ಕತ್ತು ಚಾಚಿದಳು. ಎಫ್ರೈಮ್ ಅಳಲು ಬಾಯಿ ತೆರೆದ.

ಸಿಪೋರಾಳಿಗೂ ಅಳು ಬಂತು. ಎದ್ದರೆ ದಾರ ಸಿಗುವುದಿಲ್ಲ. ಕೂತರೆ ಸೂರ್ಯ ಇಳಿಯುತ್ತಾನೆ. ಒಳಗಿನಿಂದ ಟೀಚರ್ ಕೂಗಿದರು, ಇನ್ನು ಸ್ವಲ್ಪ ಹೊತ್ತಿಗೆ ಭಟ್ಟಿ ಮುಚ್ಚುತ್ತೇನೆ ಎಂದು. ಅವಳ ಕಾಲು ಓಡು ಓಡು ಅಂದಿತು. ಅವಳು ಕೂತೇ ಇದ್ದಳು.

ಆಮೇಲೆ ಬಗ್ಗಿ, ಎಫ್ರೈಮನ ಕಿವಿಯ ಹತ್ತಿರ, ಮೆಲ್ಲಗೆ, ಬಹಳ ಮೆಲ್ಲಗೆ ಹೇಳತೊಡಗಿದಳು:

"ಶಬ್ಬಾತಿಗೆ ಬ್ರೆಡ್ ಬೇಕು... ಬ್ರೆಡ್ಡಿಗೆ ಹಿಟ್ಟು ಬೇಕು... ಹಿಟ್ಟು ಅಬ್ನೇರನ ಹತ್ರ... ಅಬ್ನೇರನಿಗೆ ಬತ್ತಿ ಬೇಕು... ಬತ್ತಿ ಮಲ್ಕಾಳ ಹತ್ರ... ಮಲ್ಕಾಳಿಗೆ ನೀರು ಬೇಕು... ನೀರು ಬೆನಾಯನ ಹತ್ರ... ಬೆನಾಯನಿಗೆ ಚಿಪ್ಪು ಬೇಕು... ಚಿಪ್ಪು ಕಾಕಾನ ಹತ್ರ... ಕಾಕಾನಿಗೆ ದಾರ ಬೇಕು... ದಾರ ಎಫ್ರೈಮನ ಹತ್ರ... ಎಫ್ರೈಮನಿಗೆ ನಿದ್ದೆ ಬೇಕು..."

ಒಂದು ಸಲ ಹೇಳಿದಳು. ಎರಡು ಸಲ ಹೇಳಿದಳು. ಹೆಬ್ಬೆರಳು ಕುಣಿಯಲಿಲ್ಲ. ಕತ್ತು ಚಾಚಲಿಲ್ಲ. ಮೂರನೆಯ ಸಲ ಅರ್ಧಕ್ಕೆ ಬಂದಾಗ ಎಫ್ರೈಮನ ಮುಷ್ಟಿ ಬಿಚ್ಚಿತು. ದಾರ ಉರುಳಿತು.

ಅಜ್ಜಿ ಮಗುವನ್ನು ಮೆಲ್ಲಗೆ ಎತ್ತಿ ಚಾಪೆಯ ಮೇಲೆ ಮಲಗಿಸಿದರು. ಈಗ ಓಡು ಅಂದರು.

ಓಡಿದಳು ನೋಡಿ. ಟಪಟಪಟಪಟಪ.

ಎಫ್ರೈಮ್ ದಾರ ಬಿಟ್ಟ, ದಾರ ಕಾಕಾನಿಗೆ. ಕಾಕಾ ಬಳ್ಳಿ ಕಟ್ಟಿದರು, ಚಿಪ್ಪು ಕೊಟ್ಟರು, ಚಿಪ್ಪು ಬೆನಾಯನಿಗೆ. ಬೆನಾಯನ ದೋಣಿ ತೇಲಿತು, ಅವನು ನೀರು ಕೊಟ್ಟ, ನೀರು ಮಲ್ಕಾಳಿಗೆ. ಮಲ್ಕಾ ಕೈ ತೊಳೆದಳು, ಬತ್ತಿ ಹೊಸೆದಳು, ಬತ್ತಿ ಅಬ್ನೇರನಿಗೆ. ಅಬ್ನೇರ್ ದೀಪಕ್ಕೆ ಬತ್ತಿ ಇಟ್ಟ, ಉಂಡೆ ಎತ್ತಿಕೊಂಡ, ಎರಡು ಮಾಡಿದ.

ಒಂದು ದೊಡ್ಡದಾಯಿತು. ಒಂದು ಚಿಕ್ಕದಾಯಿತು. ಅಬ್ನೇರ್ ಎರಡನ್ನೂ ನೋಡಿದ. ತುಂಬ ಹೊತ್ತು ನೋಡಿದ. ದೊಡ್ಡದನ್ನು ತಾನೇ ಇಟ್ಟುಕೊಂಡ. ಅವನಿಗೂ ಐದೇ ವರ್ಷ ಅಲ್ಲವೇ?

ಸಿಪೋರಾ ಚಿಕ್ಕದನ್ನು ಎರಡು ಕೈಯಲ್ಲೂ ಹಿಡಿದಳು. ಈ ಸಲ ಎಲ್ಲಿಯೂ ಇಡಲಿಲ್ಲ. ಮೂರು ಎಳೆ ಮಾಡಿದಳು. ಬಲದ ಎಳೆ ಮೇಲೆ, ಎಡದ ಎಳೆ ಮೇಲೆ, ಬಲದ ಎಳೆ ಮೇಲೆ. ಜಡೆ ಸೊಟ್ಟಗಾಯಿತು. ಅಬ್ನೇರನದು ಇನ್ನೂ ಸೊಟ್ಟ. ಟೀಚರ್ ಎರಡನ್ನೂ ಭಟ್ಟಿಗಿಟ್ಟರು. ಸೂರ್ಯ ತೆಂಗಿನ ಸೊಂಟಕ್ಕೆ ಬಂದ. ಬಾಗಿಲು ಮುಚ್ಚಿತು.

ಬ್ರೆಡ್ ಬೆಂದಿತು. ಅಮ್ಮಂದಿರು ಬಂದರು, ಅಪ್ಪಂದಿರು ಬಂದರು. ಮೇಜಿನ ಮೇಲೆ ಎರಡು ಬ್ರೆಡ್ ಕೂತವು, ಮೇಲೆ ಬಿಳಿ ಬಟ್ಟೆ. ರಾಹೇಲ್ ಟೀಚರ್ ಸಿಪೋರಾಳ ಕೈ ಹಿಡಿದು ಅಬ್ನೇರನ ದೀಪ ಹಚ್ಚಿಸಿದರು. ಸಿಪೋರಾ ಎರಡು ಕೈಯಿಂದ ಕಣ್ಣು ಮುಚ್ಚಿಕೊಂಡಳು, ದೀಪ ಹಚ್ಚಿದವರು ಮಾಡುವ ಹಾಗೆ. ಆಮೇಲೆ ಕೈ ತೆಗೆದು "ಶಬ್ಬಾತ್ ಶಾಲೋಮ್" ಅಂದಳು. ಅದು ಶಬ್ಬಾತಿನ ನಮಸ್ಕಾರ. ಎಲ್ಲರೂ ತಿರುಗಿ ಹಾಗೆಯೇ ಅಂದರು. ಅವಳ ಅಮ್ಮನ ಕಣ್ಣು ತುಂಬಿತ್ತು.

ಬ್ರೆಡ್ ಹರಿದು ಹಂಚಿದಳು. ಅಬ್ನೇರನಿಗೆ ಒಂದು ತುಣುಕು. ಮಲ್ಕಾಳಿಗೆ ಒಂದು ತುಣುಕು. ಬೆನಾಯನಿಗೆ ಒಂದು ತುಣುಕು. ಕಾಕಾನಿಗೆ ಒಂದು ತುಣುಕು. ಅಜ್ಜಿಗೆ ಒಂದು ತುಣುಕು. ಟೀಚರಿಗೆ, ಅಮ್ಮನಿಗೆ, ತನಗೆ. ಇನ್ನೊಂದು ತುಣುಕು ಉಳಿಯಿತು. ಅದು ಎಫ್ರೈಮನದು. ಎಫ್ರೈಮ್ ಇನ್ನೂ ನಿದ್ದೆಯಲ್ಲಿದ್ದ.

ಮಕ್ಕಳೆಲ್ಲ ಅಂಗಳಕ್ಕೆ ಓಡಿದರು. ಬಾ ಸಿಪೋರಾ ಅಂದರು. ಸಿಪೋರಾ ಹೋಗಲಿಲ್ಲ. ತುಣುಕನ್ನು ಅಂಗೈಯಲ್ಲಿಟ್ಟುಕೊಂಡು ಚಾಪೆಯ ಪಕ್ಕದಲ್ಲಿ ಕೂತಳು. ಅವನು ಏಳುವವರೆಗೂ ಕೂತಿದ್ದಳು.

ಅವಳು ಅಲ್ಲಿ ಕೂತಳು, ನನ್ನ ಕತೆ ಇಲ್ಲಿ ಕೂತಿತು. ನೀವು ಇಷ್ಟು ಹೊತ್ತು ಕೂತದ್ದು ಸಾಕು. ಏಳಿ, ಓಡಿ.