ಚೆಲುವರಾಯ ಸಹಾಯಕ ಮೇಷ್ಟರಾಗಲು ಹೊರಟದ್ದು

ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ, ಹೇಳುತ್ತೇನೆ. ಪಾಂಡವಪುರದಲ್ಲಿ ತಿಮ್ಮಾಜಮ್ಮ ಎಂಬ ಹೆಂಗಸು ಇದ್ದಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಅವಳಿಗೆ ಒಬ್ಬನೇ ಮಗ, ಚೆಲುವರಾಯ. ಇಪ್ಪತ್ತಮೂರು ವರ್ಷದ ಎತ್ತರದ ಆಳು. ತಲೆ ಬಾಚುವುದರಲ್ಲಿ ಬಹಳ ಅಚ್ಚುಕಟ್ಟು. ತಲೆಯ ಒಳಗಿನ ವಿಷಯ ಬೇರೆ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಎಲ್ಲಿ ಮಾಡಬೇಕು ಎಂಬುದೊಂದು ಮಾತ್ರ ಅವನಿಗೆ ಹೊಳೆಯುತ್ತಿರಲಿಲ್ಲ.

ತಿಮ್ಮಾಜಮ್ಮನಿಗೆ ಈಗೀಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದು. ಅದನ್ನು ನೋಡಿ ಶಾಲೆಯ ಹೆಡ್‌ಮಿಸ್ ಕನಕವಲ್ಲಿಯವರು ಕರೆದು ಹೇಳಿದರು: "ನರ್ಸರಿಗೆ ಒಬ್ಬ ಸಹಾಯಕ ಬೇಕು. ಆನ್‌ಲೈನಿನಲ್ಲಿ ತರಬೇತಿ ಕೊಡುತ್ತಾರೆ. ನಿನ್ನ ಮಗ ಅದನ್ನು ಮುಗಿಸಿ, ನಮ್ಮಲ್ಲಿ ಒಂದು ವಾರ ನೆಟ್ಟಗೆ ಕೆಲಸ ಮಾಡಿ ತೋರಿಸಲಿ. ಶನಿವಾರ ನೇಮಕದ ಪತ್ರ ಕೊಡುತ್ತೇನೆ. ಎಡವಟ್ಟು ಮಾಡಿದರೆ ಬೇರೆಯವರನ್ನು ನೋಡುತ್ತೇನೆ."

"ಇದು ಕೈ ತಪ್ಪಿದ್ರೆ ನಮಗೆ ಬೇರೆ ದಾರಿ ಇಲ್ಲ ಮಗಾ," ಎಂದಳು ತಾಯಿ. "ಅವರು ಹೇಳಿದಂಗೆ ಕೇಳು."

"ಕೇಳ್ತೀನಿ ಕಣವ್ವಾ," ಎಂದ ಮಗ. ಕೇಳಿದ. ತೊಂದರೆ ಆದದ್ದೇ ಅಲ್ಲಿ.

ಮೊದಲ ದಿನ ಫೋನನ್ನು ಗೋಡೆಗೆ ಒರಗಿಸಿ ಕುಳಿತ. ಪಾಠಕ್ಕೆ ಒಬ್ಬೊಬ್ಬರೇ ಬಂದು ಸೇರಿದರು. ಒಬ್ಬೊಬ್ಬರಿಗೂ ಚೆಲುವರಾಯ, "ನಮಸ್ಕಾರ, ಊಟ ಆಯ್ತಾ?" ಎಂದ. ಅರವತ್ತು ಜನ ಇದ್ದರು. ಅರವತ್ತು ಸಲ ಕೇಳಿದ. ಪಾಠ ಹೇಳುವ ಹೇಮಲತಾ ಮೇಡಂ ಗದರಿದರು. "ಮೈಕ್ ಬಂದ್ ಮಾಡಿ. ನಿಮ್ಮ ಪೂರ್ತಿ ಹೆಸರು ಹಿಡಿದು ಕರೆಯುವ ತನಕ ಬಾಯಿ ಬಿಡಬೇಡಿ, ಕುಳಿತಲ್ಲಿಂದ ಏಳಬೇಡಿ."

"ಆಗಲಿ ಮೇಡಂ," ಎಂದ.

ಮರುದಿನ ತಿಮ್ಮಾಜಮ್ಮ ಸಂತೆಯಿಂದ ಬಂದು ಬಾಗಿಲು ತಟ್ಟಿದಳು. "ಬಾಗ್ಲು ತೆಗಿ ಮಗಾ."

ಒಳಗೆ ಸದ್ದಿಲ್ಲ.

"ಲೋ, ಚೆಲುವಾ, ಬಿಸಿಲು ಕಣೋ."

ಆಗಲೂ ಸದ್ದಿಲ್ಲ. ಅರ್ಧ ಗಂಟೆ ನಿಂತಳು. ಕಡೆಗೆ ಸಿಟ್ಟು ನೆತ್ತಿಗೇರಿ, "ತಿಮ್ಮೇಗೌಡರ ಮಗ ಚೆಲುವರಾಯ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಬಾಗಿಲು ತೆರೆಯಿತು.

"ಹಾಜರ್," ಎಂದ ಮಗ.

"ನಿನ್ನ ಹಾಜರಿಗೆ ಬೆಂಕಿ ಬೀಳ. ಬಾಗ್ಲು ತಟ್ಟಿದವರು ಯಾರೇ ಆಗ್ಲಿ, ಎದ್ದು ಹೋಗಿ ಒಳಕ್ಕೆ ಕರಿ. ಪಕ್ಕದಲ್ಲಿ ಕೂರಿಸ್ಕೊ. ನೀರು ಕೊಡು. ಅಷ್ಟೂ ತಿಳಿಯಕ್ಕಿಲ್ವಾ?"

"ಆಗಲಿ ಅವ್ವಾ," ಎಂದ.

ತಿಂಗಳು ಕಳೆದು ಪರೀಕ್ಷೆಯ ದಿನ ಬಂತು. ಹೇಮಲತಾ ಮೇಡಂ ಫೋನಿನಲ್ಲೇ ಒಬ್ಬೊಬ್ಬರನ್ನು ಪ್ರಶ್ನೆ ಕೇಳುತ್ತಿದ್ದರು. ಚೆಲುವರಾಯನ ಸರದಿಗೆ ಸರಿಯಾಗಿ ಸೊಪ್ಪಿನ ಕೆಂಚಮ್ಮ ಬಾಗಿಲು ತಟ್ಟಿದಳು. ಎದ್ದು ಹೋಗಿ ಕರೆದ. ಪಕ್ಕದಲ್ಲಿ ಕೂರಿಸಿದ. ನೀರು ಕೊಟ್ಟ. ಅವಳು ಸೊಪ್ಪಿನ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನೊಳಗೆ ಇಣುಕಿದಳು.

"ಮಗು ಒಂದೇ ಸಮನೆ ಅಳುತ್ತಿದೆ. ಏನು ಮಾಡುತ್ತೀರಿ?" ಎಂದು ಮೇಡಂ ಕೇಳಿದರು.

ಚೆಲುವರಾಯ ಯೋಚಿಸುತ್ತಿದ್ದ. "ಚಡ್ಡಿ ಒದ್ದೆಯಾಗೈತಾ ನೋಡ್ಬೇಕು ಕಣಮ್ಮಾ," ಎಂದಳು ಕೆಂಚಮ್ಮ. "ಆಮೇಲೆ ಹೊಟ್ಟೆ ಹಸಿದೈತಾ ಕೇಳ್ಬೇಕು."

"ಉತ್ತರ ಸರಿ," ಎಂದರು ಮೇಡಂ. "ಕೊಟ್ಟವರು ಯಾರು?"

"ಸೊಪ್ಪಿನೋಳು. ದಂಟು ಬೇಕಾ?"

ಮೇಡಂ ಕನ್ನಡಕ ತೆಗೆದಿಟ್ಟರು. "ಚೆಲುವರಾಯ, ನಾಳೆ ಇನ್ನೊಂದೇ ಅವಕಾಶ. ಶುರು ಮಾಡುವ ಮೊದಲು ಎಲ್ಲರನ್ನೂ ಹೊರಗೆ ಕಳಿಸಬೇಕು. ಚಿಲಕ ಹಾಕಬೇಕು. ಒಬ್ಬರೂ ಕಣ್ಣಿಗೆ ಬೀಳಬಾರದು."

"ಆಗಲಿ ಮೇಡಂ," ಎಂದ. ಹಾಗೆಯೇ ಮಾಡಿದ, ಪಾಸೂ ಆದ. ತಿಮ್ಮಾಜಮ್ಮ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಸೋಮವಾರ ಶಾಲೆಗೆ ಹೋದ. ಮೂರು ದಿನ ಚಪ್ಪಲಿ ಜೋಡಿಸಿದ, ಮೂಗು ಒರೆಸಿದ, ಯಾರಿಂದಲೂ ಬೈಸಿಕೊಳ್ಳಲಿಲ್ಲ. ಗುರುವಾರ ನರ್ಸರಿ ಮಿಸ್‌ಗೆ ಜ್ವರ. ಕನಕವಲ್ಲಿಯವರು, "ಇವತ್ತು ಮಕ್ಕಳಿಗೆ ಕತೆ ನೀನೇ ಹೇಳು," ಎಂದು ಹೇಳಿ ಹೋದರು.

ಹತ್ತು ನಿಮಿಷದ ಮೇಲೆ ಬಂದು ನೋಡುತ್ತಾರೆ, ಮೂವತ್ತು ಮಕ್ಕಳೂ ಅಂಗಳದಲ್ಲಿ. ಒಂದು ಮಗು ಕುಂಡದ ಮಣ್ಣು ತಿನ್ನುತ್ತಿದೆ. ತರಗತಿಯ ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಯಲ್ಲಿ ಇಣುಕಿದರೆ, ಚೆಲುವರಾಯ ಖಾಲಿ ಚಾಪೆಯ ಮುಂದೆ ನಿಂತು ಕೈ ಬೀಸಿ ಬೀಸಿ ನರಿಯ ಕತೆ ಹೇಳುತ್ತಿದ್ದಾನೆ.

"ಹೊರಗೆ ಬಾ," ಎಂದರು ಕನಕವಲ್ಲಿ. ಅವರು ದನಿ ಏರಿಸುವವರಲ್ಲ. ತಗ್ಗಿಸಿದಷ್ಟೂ ಭಯ ಹೆಚ್ಚು. "ನಿನ್ನ ತಾಯಿಯ ಮುಖ ನೋಡಿ ಶನಿವಾರದ ತನಕ ತಡೆಯುತ್ತೇನೆ. ಮಕ್ಕಳ ಹತ್ತಿರ ನೀನು ಬೇಡ, ಗೇಟಿನಲ್ಲಿರು. ಮನೆಯವರು ಬಂದು, ಫೋಟೊ ಇರುವ ಕಾರ್ಡ್ ತೋರಿಸಿ, ಪುಸ್ತಕದಲ್ಲಿ ಸಹಿ ಹಾಕುವ ತನಕ ಒಬ್ಬರನ್ನೂ ಹೊರಗೆ ಬಿಡಕೂಡದು. ಗುರುತಿನವರು ಅಂತ ದಾಕ್ಷಿಣ್ಯ ಬೇಡ. ಅತ್ತರೂ ಬಿಡಬೇಡ, ಬೈದರೂ ಬಿಡಬೇಡ."

"ಆಗಲಿ ಮೇಡಂ," ಎಂದ.

ಶುಕ್ರವಾರ ಗೇಟಿನ ಕೆಲಸ ಸರಿಯಾಗಿಯೇ ನಡೆಯಿತು. ಕನಕವಲ್ಲಿಯವರಿಗೆ ತಾಲ್ಲೂಕು ಕಚೇರಿಯಲ್ಲಿ ಸಭೆ, ಉಳಿದ ಮಿಸ್‌ಗಳು ಅವನನ್ನೂ ಕರೆದುಕೊಂಡು ಹಿಂದಿನ ಗೇಟಿನಿಂದ ಹೋಗಿ ಬಸ್ಸು ಹತ್ತಿದರು. ಶನಿವಾರವೂ ಮಕ್ಕಳೆಲ್ಲ ಮನೆ ಸೇರಿದರು, ಒಂದು ಟಿಫಿನ್ ಡಬ್ಬಿಯೂ ಅದಲುಬದಲಾಗಲಿಲ್ಲ. ಮಿಸ್‌ಗಳು ಹೋದ ಮೇಲೆ ಹಿಂದಿನ ಗೇಟಿಗೆ ಬೀಗ ಬಿತ್ತು. ಕನಕವಲ್ಲಿಯವರು ಮೆಚ್ಚಿ, ನೇಮಕದ ಪತ್ರಕ್ಕೆ ಸಹಿ ಮಾಡಿ, ಕೈಚೀಲ ಹಿಡಿದು ಗೇಟಿಗೆ ಬಂದರು.

"ತಗೋ. ಕೆಲಸ ನಿನ್ನದು."

ಚೆಲುವರಾಯ ಪತ್ರ ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಗೇಟು ತೆರೆಯಲಿಲ್ಲ.

"ದಾರಿ ಬಿಡು."

"ನಿಮ್ಮ ಮನೆಯವರು ಬರಲಿ ಮೇಡಂ."

"ನಾನು ಹೆಡ್‌ಮಿಸ್ ಕಣಯ್ಯಾ."

"ಗೊತ್ತು ಮೇಡಂ. ಗುರುತಿನವರು ಅಂತ ಬಿಡಂಗಿಲ್ಲ." ನರ್ಸರಿಯ ಪುಟ್ಟ ಕೆಂಪು ಕುರ್ಚಿ ತಂದು ಹಾಕಿದ. ಅವರು ಬೈದರು; ಬೈದರೂ ಬಿಡಬಾರದಲ್ಲ. ಒಂದು ಬಿಸ್ಕತ್ತು ಕೊಟ್ಟ.

ಕಡೆಗೆ ಅವರ ಯಜಮಾನರು ಸ್ಕೂಟರಿನಲ್ಲಿ ಬಂದು, ಆಧಾರ್ ಕಾರ್ಡ್ ತೋರಿಸಿ, ಸಂಬಂಧದ ಕಡೆ 'ಗಂಡ' ಎಂದು ಬರೆದು, ಸಹಿ ಹಾಕಿ ಬಿಡಿಸಿಕೊಂಡರು. ಹೋಗುವಾಗ ಕನಕವಲ್ಲಿಯವರು ಪತ್ರ ವಾಪಸು ಕೇಳಲು ಬಾಯಿ ತೆರೆದರು. "ಇಂಥವನ ಕೈಯಿಂದ ಒಂದು ಮಗುವೂ ಕಳೆದುಹೋಗಲ್ಲ, ನಡಿ," ಎಂದರು ಯಜಮಾನರು. ಹೆಡ್‌ಮಿಸ್ ಪತ್ರ ಕೇಳದೆ ಸ್ಕೂಟರ್ ಹತ್ತಿದರು.

ಐದು ಗಂಟೆಯಾದರೂ ಮಗ ಬರಲಿಲ್ಲವೆಂದು ತಿಮ್ಮಾಜಮ್ಮ ಹುಡುಕಿಕೊಂಡು ಬಂದಳು. ಬೀಗ ಹಾಕಿದ ಗೇಟಿನ ಒಳಗೆ, ಕೆಂಪು ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಚೆಲುವರಾಯ ಒಬ್ಬನೇ ಕುಳಿತಿದ್ದ.

"ಕೆಲಸ ಸಿಕ್ತು ಕಣವ್ವಾ," ಎಂದು ಪತ್ರ ತೋರಿಸಿದ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ನಪ್ಪಾ. ಏಳು ಮತ್ತೆ, ಮನೆಗೆ ಹೋಗಾನ."

ಸರಳಿನ ನಡುವೆ ಪುಸ್ತಕ, ಪೆನ್ನು ಹೊರಗೆ ಬಂದವು. "ಇಲ್ಲಿ ಸಹಿ ಹಾಕವ್ವಾ. ನಿನ್ನ ಕಾರ್ಡ್ ಎಲ್ಲಿ?"

"ಕಾರ್ಡ್ ಮನೇಲೈತೆ. ನಾನು ನಿನ್ನ ಹೆತ್ತೋಳು ಕಣೋ."

"ಹಂಗಂತ ಎಲ್ರೂ ಹೇಳ್ತಾರೆ," ಎಂದ ಚೆಲುವರಾಯ. "ಹೋಗಿ ತಗೊಂಬಾ. ಅಲ್ಲಿವರೆಗೂ ನನ್ನ ಹೊರಕ್ಕೆ ಬಿಡಂಗಿಲ್ಲ."